ಐದು ಸಾವಿರ ದಿನಗಳ ಕಲ್ಲು

ಓಸಾಕಾ
ಏಪ್ರಿಲ್ 8, 2024

ಅಮ್ಮನವರಿಗೆ,

ಚೆರ್ರಿ ಹೂಗಳು ಉದುರಿ ಎಳೆ ಹಸಿರು ಕಣ್ಣಿಗೆ ತಂಪೆರೆಯುವ ಈ ಹೊತ್ತಿನಲ್ಲಿ ನೀವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಅಪ್ಪನ ಅಂತ್ಯಕ್ರಿಯೆಯ ನಂತರ, ಅಂದರೆ ನಾಲ್ಕು ವರ್ಷಗಳಿಂದ, ಕಾಗದ ಬರೆಯಲಿಲ್ಲ. ಕ್ಷಮಿಸಿ.

ಈಗ ಬರೆಯುತ್ತಿರುವುದು ಕೆಲಸದ ಮೇಲೆ. ನಮ್ಮ ಮುದ್ರಣ ಸಂಸ್ಥೆಗೆ ತೊಕಿಹಾಮಾ ನಗರಸಭೆಯಿಂದ ಒಂದು ಕೆಲಸ ಬಂದಿದೆ. ನಗರವಾಗಿ ಎಂಬತ್ತು ವರ್ಷ ತುಂಬುತ್ತದೆ, ಬರುವ ವಸಂತಕ್ಕೆ ಉಕ್ಕಿನ ಕಾರ್ಖಾನೆಯ ಕೊನೆಯ ಕುಲುಮೆಯೂ ಆರುತ್ತದೆ. ಅದಕ್ಕೆ ಮುಂಚೆ ಊರನ್ನು ಪರಿಚಯಿಸುವ ಒಂದು ಪುಸ್ತಕ ಬೇಕಂತೆ. ನವೆಂಬರ್ ಮೂರಕ್ಕೆ ಬಿಡುಗಡೆ. ನಾನು ಅಲ್ಲಿಯವಳೆಂದು ಗೊತ್ತಾಗಿ ಬರೆಯುವ ಕೆಲಸ ನನಗೇ ಬಿತ್ತು.

ಕಾರ್ಖಾನೆಯ ಎರಡನೇ ಗೇಟಿನ ಎದುರಿಗಿರುವ ನಮ್ಮ ಸಾರಾಯಿ ಅಂಗಡಿಯ ಬಗ್ಗೆ ನಾಲ್ಕು ಸಾಲು ಬೆಚ್ಚಗಿನ ನೆನಪು ಬರೆದು ಕಳಿಸಿದರೆ ಉಪಕಾರವಾಗುತ್ತದೆ. ಗೇಟಿನ ಪಕ್ಕದಲ್ಲಿ ಐದು ಸಾವಿರ ದಿನ ಎಂದು ಕೆತ್ತಿ ನಿಲ್ಲಿಸಿರುವ ಕಲ್ಲಿನ ಬಗ್ಗೆ ನಾನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿಳಿಸಿ:

"ಬೆಂಕಿ ಮತ್ತು ಅಲೆಗಳ ಈ ನಗರದ ಶಿಸ್ತಿಗೆ ಆ ಕಲ್ಲೇ ಸಾಕ್ಷಿ. 1984ರಿಂದ 1998ರ ಫೆಬ್ರವರಿ 3ರವರೆಗೆ, ಐದು ಸಾವಿರ ದಿನ, ಎರಡನೇ ಗೇಟಿನೊಳಗೆ ಒಂದೇ ಒಂದು ಅಪಘಾತವಾಗಲಿಲ್ಲ."

ಅಪ್ಪನ ವಿಷಯ ಬೇಡ. ಅವರ ಕುಡಿತದಿಂದ ಊರಿನ ಪುಸ್ತಕಕ್ಕೆ ಸೇರುವಂಥದ್ದು ಏನೂ ಇಲ್ಲ.

ಇತಿ,
ಚಿಗುಸಾ

*

ತೊಕಿಹಾಮಾ
ಏಪ್ರಿಲ್ 13

ಚಿಗುಸಾ,

ಹೂವು, ಎಳೆ ಹಸಿರು, ತಂಪು, ಎಲ್ಲ ಓದಿದೆ. ಹೆತ್ತವಳಿಗೆ "ನೀವು" ಎಂದು ಬರೆಯುವುದನ್ನು ಓಸಾಕಾದಲ್ಲಿ ಕಲಿತೆಯಾ? ನಾನೇನು ನಿನ್ನ ನಗರಸಭೆಯ ಅಧ್ಯಕ್ಷಳಾ? ಈ ಊರಲ್ಲಿ ಚೆರ್ರಿ ಮರ ಇರುವುದು ಎರಡೇ ಕಡೆ, ಸ್ಮಶಾನದಲ್ಲಿ ಮತ್ತು ಕಾರ್ಖಾನೆಯ ಕಚೇರಿ ಮುಂದೆ. ಒಂದಕ್ಕೆ ಸೇರಲು ನನಗಿನ್ನೂ ಸ್ವಲ್ಪ ದಿನ ಇದೆ. ಇನ್ನೊಂದರ ಕಡೆ ನಾನು ತಲೆ ಹಾಕಿಯೂ ಮಲಗುವುದಿಲ್ಲ.

ಊರಿನ ಪರಿಚಯ ಬೇಕಾ? ಬರೆದುಕೋ. ಮೂಡಣ ಗಾಳಿ ಬೀಸಿದ ದಿನ ಈ ಊರಲ್ಲಿ ಯಾರೂ ಬಟ್ಟೆ ಹೊರಗೆ ಒಣಗಿಸುವುದಿಲ್ಲ. ಒಣಗಿಸಿದರೆ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಾರ್ಖಾನೆಯ ಬಿಸಿನೀರು ಸಮುದ್ರಕ್ಕೆ ಬೀಳುವ ಕಡೆ ಮೀನುಗಳು ಹಂದಿಮರಿಯ ಹಾಗೆ ಕೊಬ್ಬಿರುತ್ತವೆ, ಮುದುಕರು ಹಿಡಿದು ತರುತ್ತಾರೆ, ಎಲ್ಲಿಯ ಮೀನು ಎಂದು ಕೇಳುವುದು ಇಲ್ಲಿ ಮರ್ಯಾದೆಯಲ್ಲ. ಬೆಳಿಗ್ಗೆ ಏಳು ಗಂಟೆಗೆ ನನ್ನ ಅಂಗಡಿಯಲ್ಲಿ ಗಂಡಸರು ನಿಂತು ಕುಡಿಯುತ್ತಾರೆ, ಯಾಕೆಂದರೆ ಅವರ ಪಾಳಿಗೆ ಅದೇ ಸಂಜೆ. ಡಬ್ಬಿ ಮೀನನ್ನು ಡಬ್ಬಿಯಲ್ಲೇ ಕೊಡುತ್ತೇನೆ, ತಟ್ಟೆ ತೊಳೆಯುವವರು ಯಾರು? ಈ ಊರಿನ ಗಂಡಸರು ನಿವೃತ್ತಿಯಾದ ಮೇಲೂ ಮನೆ ಬಿಡುವ ಮುಂಚೆ ಗ್ಯಾಸಿನ ಕಡೆ ಬೆರಳು ತೋರಿಸಿ "ಗ್ಯಾಸ್ ಸರಿ!" ಎಂದು ಕೂಗುತ್ತಾರೆ, ಬೀಗದ ಕಡೆ ತೋರಿಸಿ "ಬೀಗ ಸರಿ!" ಎನ್ನುತ್ತಾರೆ. ನಲವತ್ತು ವರ್ಷ ಯಂತ್ರದ ಮುಂದೆ ಹಾಗೆ ಕೂಗಿ ಕೂಗಿ ಅದು ಮೈಗೆ ಹತ್ತಿದೆ. ಇದೆಲ್ಲ ಬೆಚ್ಚಗಿದೆಯೋ ತಣ್ಣಗಿದೆಯೋ ನನಗೆ ಗೊತ್ತಿಲ್ಲ. ಬೇಕಾದ್ದು ತೆಗೆದುಕೋ.

ಆದರೆ ಆ ಕಲ್ಲಿನ ಸಾಲು ತೆಗೆ. ನಿನ್ನ ಹೆಸರಿನ ಕೆಳಗೆ ಆ ಸಾಲು ಅಚ್ಚಾಗಬಾರದು. ಬೇರೆ ಯಾರಾದರೂ ಬರೆದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ, ಇಷ್ಟು ವರ್ಷ ಬಿಟ್ಟವಳೂ ಅಲ್ಲ. ಇಶಿಜುಕಾ ತಾಮೊತ್ಸುವಿನ ಮಗಳು ಬರೆಯಬಾರದು.

ಮತ್ತೆ, ನಿಮ್ಮಪ್ಪ ಕುಡುಕನಲ್ಲ. ಸಾರಾಯಿ ಅಂಗಡಿಯವಳನ್ನು ಕಟ್ಟಿಕೊಂಡು ಐವತ್ತು ವರ್ಷ ಒಂದು ಹನಿ ಮುಟ್ಟದೆ ಹೋದವನು ಅವನು.

ಕಾರಣ ಕೇಳಬೇಡ. ಸಾಲು ತೆಗೆ.

ಅಮ್ಮ

*

ಓಸಾಕಾ
ಏಪ್ರಿಲ್ 22

ಅಮ್ಮ,

ಆಯಿತು, "ನೀವು" ಬಿಟ್ಟೆ. ಆದರೆ ಕಾರಣ ಕೇಳಬೇಡ ಎಂದರೆ ಆಗುವುದಿಲ್ಲ. ನಗರಸಭೆಯ ಪ್ರಚಾರ ವಿಭಾಗದಲ್ಲಿ ಮಿಸುಮಿ ಎಂಬವರಿದ್ದಾರೆ, ಕಲ್ಲಿನ ಪುಟ ಅವರಿಗೆ ಪಂಚಪ್ರಾಣ. "ಊರಿಗೆ ಊರೇ ಹೆಮ್ಮೆ ಪಡೋ ವಿಷಯ ಇದೊಂದೇ ಮೇಡಂ" ಅಂದರು. ಅವರಿಗೆ ನಾನು ಏನು ಹೇಳಲಿ? ನಮ್ಮಮ್ಮ ಬೇಡ ಅಂದಳು ಅಂತಲಾ?

ಅಪ್ಪ ಕುಡಿಯುತ್ತಿರಲಿಲ್ಲ ಎಂದು ನನಗೆ ಹೇಳಬೇಡ. ನನಗೆ ಆಗ ಹದಿನಾಲ್ಕು. ನವೆಂಬರಿನ ಆ ದಿನ ನಾಲ್ಕು ಗಂಟೆಗೆ ಶಾಲೆಯಿಂದ ಬಂದೆ. ಮಹಡಿಯ ಮೆಟ್ಟಿಲು ಪೂರ್ತಿ ಒದ್ದೆಯಾಗಿತ್ತು, ಕಂದು ಗಾಜಿನ ಚೂರು ಬಿದ್ದಿತ್ತು, ಗೆಣಸಿನ ಸಾರಾಯಿಯ ವಾಸನೆ ರಸ್ತೆವರೆಗೂ ಬರುತ್ತಿತ್ತು. ನೀನೇ ಹೇಳಿದೆ, ಅಪ್ಪ ಕುಡಿದು ಬಿದ್ದ, ಬಾಟಲಿ ಒಡೆದು ಬೆರಳು ಹೋಯಿತು ಎಂದು. ಆಸ್ಪತ್ರೆಯಿಂದ ಬಂದ ದಿನ ನಾನು ಅವನ ಮುಂದೆ ಮೂಗು ಮುಚ್ಚಿಕೊಂಡೆ. ಶಾಲೆಯಲ್ಲಿ ಒಂದು ವರ್ಷ ನನ್ನನ್ನು "ಮೆಟ್ಟಿಲು ಇಶಿಜುಕಾ" ಎಂದೇ ಕರೆದರು. ಕರೆಯಲು ಶುರು ಮಾಡಿದ್ದು ಅಪ್ಪನ ಮೇಸ್ತ್ರಿ ಕುಗಿಮಿಯಾ ಅವರ ಮಗಳು.

ನನ್ನ ಕಣ್ಣು ಮತ್ತು ಮೂಗು ಸುಳ್ಳು ಹೇಳಿದವೆಂದು ನೀನು ಹೇಳುವುದಾದರೆ, ಹೇಗೆಂದು ಹೇಳು.

ಚಿಗುಸಾ

*

ತೊಕಿಹಾಮಾ
ಮೇ 19

ಚಿಗುಸಾ,

ಈ ಕಾಗದವನ್ನು ಆರು ಸಲ ಬರೆದು ಹರಿದೆ. ಇದು ಏಳನೆಯದು.

ನಿನ್ನ ಮೂಗು ಸುಳ್ಳು ಹೇಳಲಿಲ್ಲ. ಆ ಬಾಟಲಿಯನ್ನು ಮೆಟ್ಟಿಲ ಮೇಲೆ ಒಡೆದವಳು ನಾನು.

1989, ನವೆಂಬರ್ 14. ಬೆಳಿಗ್ಗೆ ನಿಮ್ಮಪ್ಪ ಏಳಕ್ಕೆ ಗೇಟಿನೊಳಗೆ ಹೋದ. ಆಗ ಕಲ್ಲು ಇರಲಿಲ್ಲ, ಹಲಗೆ ಇತ್ತು. ದಿನಾ ಬೆಳಿಗ್ಗೆ ಕಾವಲುಗಾರ ಅಂಕಿ ಬದಲಿಸುತ್ತಿದ್ದ. "ಅಪಘಾತವಿಲ್ಲದೆ ಇಂದಿಗೆ 1997 ದಿನ." ನನ್ನ ಅಂಗಡಿಯ ಬಾಗಿಲಿಂದ ನೇರ ಕಾಣುತ್ತಿತ್ತು. ಎರಡು ಸಾವಿರಕ್ಕೆ ಮೂರೇ ದಿನ ಇತ್ತು. ಆ ದಿನದ ಸಮಾರಂಭಕ್ಕೆ ಕೆಂಪು-ಬಿಳಿ ಸಿಹಿ ಕಡುಬಿಗೆ ಹೇಳಿಯಾಗಿತ್ತು, ಮೇಲಿನವರು ಟೋಕಿಯೋದಿಂದ ಬರುವವರಿದ್ದರು.

ಹತ್ತೂವರೆಗೆ ಮೇಸ್ತ್ರಿ ಕುಗಿಮಿಯಾನ ಸ್ವಂತ ಕಾರು ಹಿಂಬಾಗಿಲಿಗೆ ಬಂತು. ಹಿಂದಿನ ಸೀಟಿನಲ್ಲಿ ನಿಮ್ಮಪ್ಪ ಬಲಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಉಕ್ಕಿನ ಸುರುಳಿಗೂ ಎತ್ತುವ ತಂತಿಗೂ ನಡುವೆ ಕೈ ಸಿಕ್ಕಿತ್ತು. ಎದುರಿಗೇ ಕಾರ್ಖಾನೆಯ ಆಸ್ಪತ್ರೆ ಇತ್ತಲ್ಲ, ಅಲ್ಲಿಗೆ ಹೋಗಲಿಲ್ಲ. ಆಂಬುಲೆನ್ಸ್ ಕರೆಯಲಿಲ್ಲ, ಕರೆದರೆ ಊರಿಗೆಲ್ಲ ಕೇಳಿಸುತ್ತದೆ.

ಕುಗಿಮಿಯಾ ಕಾರಿಳಿದು ನನಗೆ ಕೈಮುಗಿದ.

"ಅಕ್ಕಾ, ಮನೇಲಿ ಬಿದ್ದಿದ್ದು ಅಂತ ಆಗ್ಬೇಕು."

"ಯಾರು ಬಿದ್ದಿದ್ದು?"

"ತಾಮೊತ್ಸು."

"ಅವನು ಬೆಳಿಗ್ಗೆ ಏಳಕ್ಕೇ ಒಳಗೆ ಹೋದ್ನಲ್ಲಪ್ಪಾ, ನಾನೇ ಬುತ್ತಿ ಕಟ್ಟಿ ಕಳಿಸಿದ್ದೀನಿ."

"ಇಲ್ಲ ಅಕ್ಕಾ, ಅವನು ಇವತ್ತು ರಜಾ. ಹಾಜರಿ ಪುಸ್ತಕದಲ್ಲೂ ಹಂಗೇ ಇದೆ. ಈಗಷ್ಟೇ ಬರೆದು ಬಂದೆ."

ನಾನು ಕಾರಿನೊಳಗೆ ಬಗ್ಗಿ ನಿಮ್ಮಪ್ಪನ ಮುಖ ನೋಡಿದೆ. ಸುಣ್ಣದ ಗೋಡೆಯ ಹಾಗಿತ್ತು. ಅವನು ಅಂದದ್ದು ಇಷ್ಟು: "ಯಾಸುಯೊ, ಎಲ್ಲರಿಗೂ ತೊಂದರೆ ಕೊಟ್ಬಿಟ್ಟೆ. ಮೇಸ್ತ್ರಿ ಹೇಳ್ದಂಗೆ ಮಾಡು." ಕೈ ಜಜ್ಜಿಹೋದವನ ಬಾಯಲ್ಲಿ ಬಂದ ಮೊದಲ ಮಾತು ಅದು, ತೊಂದರೆ ಕೊಟ್ಟೆ ಅಂತ! ಈ ದೇಶದಲ್ಲಿ ಹುಟ್ಟಿದವರಿಗೆ ಮೊದಲ ಹಾಲಿನ ಜೊತೆ ಕುಡಿಸುವುದು ಅದನ್ನೇ. ಸಾಯುವಾಗಲೂ ನಾವು ಪಕ್ಕದವರಿಗೆ ತೊಂದರೆಯಾಯಿತೇನೋ ಎಂದು ನೋಡಿಕೊಂಡು ಸಾಯುತ್ತೇವೆ.

ನಲವತ್ತು ನಿಮಿಷ ದೂರದ ಪಕ್ಕದ ಊರಿಗೆ ಒಯ್ದರು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರೂ ಹೋದವು. ತುಂಡಾದ ಬೆರಳನ್ನು ಯಾರೂ ಹುಡುಕಲಿಲ್ಲ. ಹುಡುಕಬೇಕಾದರೆ ಯಂತ್ರ ನಿಲ್ಲಿಸಬೇಕಿತ್ತು.

ಹೋಗುವಾಗ ಕುಗಿಮಿಯಾ ಅಂದ, "ಯಾರಾದ್ರೂ ವಿಚಾರಿಸೋಕೆ ಬಂದ್ರೆ ಮನೆ ನೋಡ್ದಾಗ ನಂಬಿಕೆ ಬರ್ಬೇಕು ಅಕ್ಕಾ." ನಾನು ಕಪಾಟಿನಿಂದ ದೊಡ್ಡ ಬಾಟಲಿ ಒಂದು ತೆಗೆದೆ. ಮೇಲಿನ ಮೆಟ್ಟಿಲ ಮೇಲೆ ನಿಂತು ಕೆಳಕ್ಕೆ ಬಿಟ್ಟೆ. ನೀನು ಬರುವ ಹೊತ್ತಿಗೆ ಒರೆಸುತ್ತಿದ್ದೆ. ಪೂರ್ತಿ ಒರೆಸಲಿಲ್ಲ, ವಾಸನೆ ಇರಲಿ ಎಂದು.

ಮೂರನೇ ದಿನ ಹಲಗೆಯ ಮೇಲೆ 2000 ಬಂತು. ಎಲ್ಲರಿಗೂ ಒಂದೊಂದು ಟವೆಲು, ಒಂದೊಂದು ಕಡುಬು. ನಿಮ್ಮಪ್ಪನ ಪಾಲನ್ನು ಆಸ್ಪತ್ರೆಗೇ ತಂದುಕೊಟ್ಟರು. ಡಿಸೆಂಬರಿನಲ್ಲಿ ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಂದು ಡಬ್ಬಿ ಕಾಡುಬಾದಾಮಿಯ ಸಿಹಿ ಕಡುಬು ಕೊಂಡು, ಒಳ್ಳೆಯ ವಸ್ತ್ರದಲ್ಲಿ ಗಂಟು ಕಟ್ಟಿಸಿಕೊಂಡು, ಕುಗಿಮಿಯಾನ ಮನೆಗೆ ಹೋಗಿ, ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದ. ಗಾಯವಾಗಿದ್ದಕ್ಕೆ! ಗಂಟು ಕಟ್ಟಿಕೊಟ್ಟವಳು ನಾನೇ, ಅವನ ಕೈಲಿ ಆಗುತ್ತಿರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಅವನು ಬೇಡ ಅಂದ. "ಅವಳ ಬಾಯಿ ನಿನ್ನ ಬಾಯಿ ಥರಾನೇ, ಶಾಲೇಲಿ ಹೇಳಿಬಿಡ್ತಾಳೆ" ಅಂದ. ಇನ್ನೂ ಒಂದು ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇನೆ. ಗೇಟಿನ ಗಂಡಸರು ಬಂದು ಕುಡಿಯದಿದ್ದರೆ ನನ್ನ ಅಂಗಡಿ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ. ನನಗೆ ಭಯವಿತ್ತು.

ಈಗ ಸಾಲು ತೆಗೆಯುತ್ತೀಯಾ?

ಅಮ್ಮ

*

ಓಸಾಕಾ
ಮೇ 25

ಅಮ್ಮ,

ಕಾರ್ಖಾನೆ ಮೂರು ಬೆರಳು ತೆಗೆದುಕೊಂಡಿತು. ನನ್ನಿಂದ ಅಪ್ಪನನ್ನು ತೆಗೆದುಕೊಂಡವಳು ನೀನು.

ಹದಿನೆಂಟಕ್ಕೆ ನಾನು ಊರು ಬಿಟ್ಟ ದಿನ ನೆನಪಿದೆಯಾ? ಅಪ್ಪ ಸ್ಟೇಷನ್ನಿಗೆ ಬಂದಿದ್ದ. ಕಾಗದದಲ್ಲಿ ಸುತ್ತಿದ ಎರಡು ಅನ್ನದ ಉಂಡೆ ಕೈಗಿಟ್ಟ. ಸೊಟ್ಟಗಿದ್ದವು, ಒಂದು ಬದಿ ಆಗಲೇ ಉದುರುತ್ತಿತ್ತು. "ನಾನೇ ಕಟ್ಟಿದ್ದು" ಅಂದ. ನಾನು ಏನಂದೆ ಎಂದು ಅವನು ನಿನಗೆ ಹೇಳಿರಲಿಕ್ಕಿಲ್ಲ. "ಕುಡುಕನ ಕೈಯಿಂದ ನನಗೇನೂ ಬೇಡ" ಅಂದೆ. ಉಂಡೆಗಳನ್ನು ಬೆಂಚಿನ ಮೇಲಿಟ್ಟು ರೈಲು ಹತ್ತಿದೆ. ರೈಲು ಹೊರಟಾಗ ಅವನು ಆ ಬೆಂಚಿನ ಮೇಲೆ ಕೂತು, ಕಾಗದ ಬಿಚ್ಚಿ, ತಾನೇ ತಿನ್ನುತ್ತಿದ್ದ.

ಅವನ ಕೊನೆಯ ದಿನಗಳಲ್ಲೂ ನಾನು ಬರಲಿಲ್ಲ. ಅಂತ್ಯಕ್ರಿಯೆಗೆ ಬಂದು ಎರಡು ಗಂಟೆ ಇದ್ದು ಹೊರಟೆ. ಆಗಲೂ ನೀನು ಬಾಯಿ ಬಿಡಲಿಲ್ಲ. ಅವನ ಮಾತು ಉಳಿಸಿದೆ ಎನ್ನಬೇಡ. ಸತ್ತವನಿಗೆ ಕೊಟ್ಟ ಮಾತು ಉಳಿಸಲು ಬದುಕಿದ್ದ ನನ್ನನ್ನು ಮೂವತ್ತೈದು ವರ್ಷ ಮೂರ್ಖಳನ್ನಾಗಿ ಮಾಡಿದೆ. ಒಂದು ಸಾಲು ಸಾಕಿತ್ತು, ಅಮ್ಮ. ಒಂದೇ ಸಾಲು. ಒಂದು ಪುಸ್ತಕದಲ್ಲಿ ತಪ್ಪು ಸಾಲು ಬಂತೆಂದು ನಿನಗೆ ಮೈ ಉರಿಯುತ್ತದೆ, ಮನೆಯೊಳಗೆ ನೀನೇ ಬರೆದ ಸಾಲಿಗೆ ಯಾಕೆ ಉರಿಯಲಿಲ್ಲ?

ನನಗೆ ಇನ್ನು ಬರೆಯಬೇಡ.

ಚಿಗುಸಾ

*

ತೊಕಿಹಾಮಾ
ಆಗಸ್ಟ್ 16

ಚಿಗುಸಾ,

ಬರೆಯಬೇಡ ಅಂದೆ. ಎರಡೂವರೆ ತಿಂಗಳು ಬರೆಯಲಿಲ್ಲ. ಇವತ್ತು, ಹಬ್ಬಕ್ಕೆಂದು ಮನೆಗೆ ಬಂದ ಸತ್ತವರನ್ನು ಬೀಳ್ಕೊಡುವ ದಿನ. ಮೂರು ದಿನ ಮನೆಯಲ್ಲಿದ್ದು ನಿಮ್ಮಪ್ಪ ಹೊರಟ. ಅವನು ಹೋಗುವ ಮುಂಚೆ ಒಂದು ಕೆಲಸ ಮಾಡಿದ್ದೇನೆ, ನೀನು ಓದಿದರೆ ಓದು, ಒಲೆಗೆ ಹಾಕಿದರೆ ಹಾಕು.

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸ್ಟೇಷನ್ನಿನ ಮಾತನ್ನು ಅವನು ನನಗೆ ಹೇಳಿರಲಿಲ್ಲ. "ಮಗಳು ರೈಲಲ್ಲೇ ತಿಂತೀನಿ ಅಂದ್ಲು" ಅಂದಿದ್ದ. ನೋಡು, ಈ ಮನೆಯಲ್ಲಿ ಸುಳ್ಳು ಹೇಳದವರೇ ಇಲ್ಲ. ಎರಡು ಬೆರಳಲ್ಲಿ ಉಂಡೆ ಕಟ್ಟುವುದನ್ನು ಅವನು ನಾಲ್ಕು ವರ್ಷ ಕಲಿತ. ಎಡಗೈ ಕೆಳಗೆ, ಬಲಗೈಯ ಹೆಬ್ಬೆರಳು ಮತ್ತು ಕಿರುಬೆರಳು ಮೇಲೆ. ಎಷ್ಟು ಅನ್ನ ಬೆಕ್ಕಿನ ಪಾಲಾಯಿತೋ!

ಮೊನ್ನೆ ಸಂಜೆ ಕುಗಿಮಿಯಾ ಬಂದ. ಎಂಬತ್ತಾರು ಈಗ ಅವನಿಗೆ, ಕೋಲು ಹಿಡಿದು ಬರುತ್ತಾನೆ. ಮೂವತ್ತೈದು ವರ್ಷದಿಂದ ಅದೇ ಮೂಲೆ, ಅದೇ ಒಂದು ಲೋಟ. ನಾನು ಸುರಿಯುತ್ತಲೇ ಬಂದಿದ್ದೇನೆ. ಮೊನ್ನೆ ಲೋಟ ಇಟ್ಟೆ, ಸುರಿಯಲಿಲ್ಲ.

"ಯಾಕಕ್ಕಾ, ಬಾಟಲಿ ಖಾಲಿನಾ?"

"ಬಾಟಲಿ ತುಂಬಾ ಇದೆ. ನೀನು ಮೊದಲು ಹೇಳು, ತಾಮೊತ್ಸು ಎಲ್ಲಿ ಬಿದ್ದಿದ್ದು?"

ಅಂಗಡಿಯಲ್ಲಿ ಏಳೆಂಟು ಮುದುಕರಿದ್ದರು. ಎಲ್ಲರ ಲೋಟ ಅಲ್ಲಲ್ಲೇ ನಿಂತಿತು. ಕುಗಿಮಿಯಾ ಕೋಲಿನ ಹಿಡಿ ನೋಡುತ್ತ ಅಂದ, "ಹಳೇದೆಲ್ಲ ಈಗ್ಯಾಕಕ್ಕಾ? ಇನ್ನೇನು ಕುಲುಮೇನೇ ಆರ್ತದೆ."

"ಕುಲುಮೆ ಆರ್ತದೆ, ಕಲ್ಲು ಆರಲ್ವಲ್ಲ. ನಿನ್ನ ಮಗಳು ನನ್ನ ಮಗಳನ್ನ ಮೆಟ್ಟಿಲು ಇಶಿಜುಕಾ ಅಂತ ಕರೆದ್ಲು. ಮನೇಲಿ ನೀನು ಹೇಳ್ದೆ ಇದ್ರೆ ಆ ಹುಡುಗಿಗೆ ಮೆಟ್ಟಿಲು ಹೆಂಗೆ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಂಗಡಿ ತುಂಬ ಇದ್ದರು. ಕ್ರೇನ್ ನಡೆಸುತ್ತಿದ್ದ ವಕುಯಾಮಾ ಲೋಟ ಕೆಳಗಿಟ್ಟ.

"ನಂದು ಸೈಕಲ್ಲಿಂದ ಬಿದ್ದಿದ್ದು" ಅಂದ. ಅವನ ಮೊಣಕಾಲು ಮಡಚುವುದಿಲ್ಲ, ನಿನಗೆ ಗೊತ್ತಲ್ಲ.

"ನಿಂಗೆ ಸೈಕಲ್ಲೇ ಬರಲ್ವಲ್ಲೋ!" ಎಂದ ಪಕ್ಕದವನು.

"ಅದೇ ಹೇಳ್ತಿರೋದು."

ಇನ್ನೊಬ್ಬ ಅಂದ, "ನಾನು ಸ್ನಾನದ ಮನೇಲಿ ಜಾರಿದ್ದು. ಪಕ್ಕೆಲುಬು ಮೂರು. ಆಗ ನಮ್ಮನೇಲಿ ಸ್ನಾನದ ಮನೇನೇ ಇರ್ಲಿಲ್ಲ, ಊರ ಸ್ನಾನದ ಮನೆಗೆ ಹೋಗ್ತಿದ್ವಿ."

ಮುದುಕರು ನಗಲು ಶುರು ಮಾಡಿದರು. ಒಬ್ಬ ಅತ್ತೆ ಮನೆಯ ಛಾವಣಿಯಿಂದ ಬಿದ್ದಿದ್ದನಂತೆ, ಅವನಿಗೆ ಆಗ ಮದುವೆಯೇ ಆಗಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬೊಬ್ಬನೂ ತಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ಪಕ್ಕಪಕ್ಕದಲ್ಲಿ ನಿಂತು ಕುಡಿದಿದ್ದಾರೆ! ನಾನು ಎರಡು ಸಾವಿರ ದಿನಕ್ಕೆ ಕೊಟ್ಟಿದ್ದ ಟವೆಲನ್ನು ಕುಗಿಮಿಯಾನ ಮುಂದೆ ಎಸೆದೆ. ಇಷ್ಟು ವರ್ಷ ಅದರಲ್ಲೇ ಕಟ್ಟೆ ಒರೆಸುತ್ತಿದ್ದೇನೆ, ಅಂಕಿ ಅಳಿದಿದೆ.

"ನಗು, ನೀನೂ ನಗು" ಅಂದೆ.

ಅವನು ಖಾಲಿ ಲೋಟವನ್ನು ಎರಡೂ ಕೈಯಲ್ಲಿ ನನ್ನ ಕಡೆ ಸರಿಸಿ, ಎದ್ದು ಹೋದ.

ಅಮ್ಮ

*

ಓಸಾಕಾ
ಆಗಸ್ಟ್ 27

ಅಮ್ಮ,

ಇದು ಮಗಳ ಕಾಗದವಲ್ಲ. ನಡೆದದ್ದಕ್ಕೆ ಸಾಕ್ಷಿಯಾದ ಒಬ್ಬ ಹೆಂಗಸಿಗೆ ಪುಸ್ತಕ ಬರೆಯುವವಳು ಕೇಳುತ್ತಿರುವುದು.

ಕಲ್ಲಿನ ಪುಟವನ್ನು ಬದಲಿಸಿ ಬರೆದಿದ್ದೇನೆ. 1997ನೆಯ ದಿನ ಏನಾಯಿತು ಎಂದು ಎಂಟು ಸಾಲು, ಅಪ್ಪನ ಹೆಸರು ಹಾಕಿ. ಮಿಸುಮಿ ಓದಿ, ತುಂಬ ಹೊತ್ತು ಕನ್ನಡಕ ಒರೆಸಿ, "ಮನೆಯವರ ಮಾತು ಸಾಲದು ಮೇಡಂ, ಆವತ್ತು ಅಲ್ಲಿದ್ದವರು ಬರೆದು ಮುದ್ರೆ ಒತ್ತಿ ಕೊಟ್ರೆ ನೋಡಬಹುದು" ಅಂದರು. ನೋಡಬಹುದು ಎಂದರೆ ಏನೆಂದು ಕೇಳಿದೆ. ಅದಕ್ಕೂ ನೋಡೋಣ ಅಂದರು.

ಕುಗಿಮಿಯಾ ಅವರ ವಿಳಾಸ ಕೊಡು. ನಾನೇ ಬರೆಯುತ್ತೇನೆ. ಅಕ್ಟೋಬರ್ ಹತ್ತು ಕಡೆಯ ದಿನ.

ಇಶಿಜುಕಾ ಚಿಗುಸಾ

*

ತೊಕಿಹಾಮಾ
ಅಕ್ಟೋಬರ್ 2

ಚಿಗುಸಾ,

ನಿನ್ನ ಕಾಗದ ಅವನಿಗೆ ಮುಟ್ಟಿದೆ. ನಿನ್ನೆ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದ. ಕಪ್ಪು ಕೋಟು ಹಾಕಿದ್ದ, ಕೈಯಲ್ಲಿ ವಸ್ತ್ರದ ಗಂಟು. ನೋಡಿದ ತಕ್ಷಣ ಗೊತ್ತಾಯಿತು ಅದರೊಳಗೇನಿದೆ ಎಂದು. ಆ ಗಾತ್ರದ ಡಬ್ಬಿಗೆ ಗಂಟು ಕಟ್ಟಿದವಳಲ್ಲವೇ ನಾನು.

ನಿಮ್ಮಪ್ಪನ ಪಟದ ಮುಂದೆ ಕಾಡುಬಾದಾಮಿಯ ಕಡುಬಿಟ್ಟು, ಗಂಟೆ ಬಾರಿಸಿ, ಹಣೆ ನೆಲಕ್ಕೆ ಹಚ್ಚಿದ. ತುಂಬ ಹೊತ್ತು ಏಳಲಿಲ್ಲ. ಸತ್ತನೇನೋ ಎಂದು ನನಗೆ ಗಾಬರಿ. ನನ್ನ ಮನೆಯಲ್ಲಿ ಸತ್ತರೆ ಅದೂ "ಮನೇಲಿ ಬಿದ್ದಿದ್ದು" ಎಂದೇ ಆಗುತ್ತದಲ್ಲ!

"ಮೂವತ್ತೈದು ವರ್ಷ ತಡವಾಯ್ತು" ಅಂದೆ.

"ಹೌದಕ್ಕಾ."

"ಅವನು ತಂದ ಡಬ್ಬಿ ಏನು ಮಾಡ್ದೆ? ತಿಂದ್ಯಾ?"

"ತೆರೀಲೇ ಇಲ್ಲ ಅಕ್ಕಾ. ಮನೆಯಾಕೆ ತೆರೆಯೋಣ ಅಂದ್ಲು, ಕೈಯಿಂದ ಕಿತ್ಕೊಂಡೆ. ಬಿಸಿನೀರಿನ ಕಾಲುವೆಗೆ ಹಾಕ್ಬಿಟ್ಟೆ. ತಾಮೊತ್ಸು ನನ್ನ ಬೈದಿದ್ರೆ, ಎರಡು ಏಟು ಕೊಟ್ಟಿದ್ರೆ, ನಾನು ಹೇಗೋ ಬದುಕ್ಕೊಂಡಿರ್ತಿದ್ದೆ. ಆ ಡಬ್ಬಿ ನನ್ನ ಸಾಯಿಸ್ತು."

ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬರಲಿಲ್ಲ. ಅವನ ಕೈಯಲ್ಲಿ ಹತ್ತೂ ಬೆರಳು ಇದ್ದವು, ನಾನು ಎಣಿಸಿದೆ.

ಒಳಜೇಬಿನಿಂದ ಲಕೋಟೆ ತೆಗೆದುಕೊಟ್ಟ. ಎರಡು ಹಾಳೆ. ದಿನ, ಹೊತ್ತು, ಯಾವ ಯಂತ್ರ, ಹಾಜರಿ ಪುಸ್ತಕದಲ್ಲಿ ತಾನು ಏನು ತಿದ್ದಿದೆ, ಯಾರು ತಿದ್ದು ಅಂದರು, ಎಲ್ಲ ಬರೆದು ಹೆಸರಿನ ಕೆಳಗೆ ಕೆಂಪು ಮುದ್ರೆ ಒತ್ತಿದ್ದಾನೆ. ನೋಂದಾಯಿಸಿದ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹತ್ತರೊಳಗೆ ಮುಟ್ಟುತ್ತದೆ.

ಕಡುಬು ಮುದುಕರಿಗೆ ಹಂಚಿದೆ. ನಾನೂ ಒಂದು ತಿಂದೆ. ಸಿಹಿ ಜಾಸ್ತಿ.

ಅಮ್ಮ

*

ಓಸಾಕಾ
ನವೆಂಬರ್ 6

ಅಮ್ಮ,

ಪುಸ್ತಕ ಬಂದಿದೆ. ಒಂದು ಪ್ರತಿ ಇದರ ಜೊತೆ ಇದೆ. ಇಪ್ಪತ್ತೆರಡನೆಯ ಪುಟ ತೆಗೆದು ನೋಡು.

ಸಮುದ್ರದ ಚಿತ್ರ. ಬರೀ ಸಮುದ್ರ, ಒಂದು ದೋಣಿಯೂ ಇಲ್ಲ. ಕುಗಿಮಿಯಾ ಅವರ ಹಾಳೆಗಳನ್ನು ಮಿಸುಮಿ ಎರಡೂ ಕೈಯಲ್ಲಿ ಇಸಿದುಕೊಂಡು, ತಲೆಬಾಗಿ, "ಅಮೂಲ್ಯವಾದ ಮಾಹಿತಿ" ಅಂದರು. ಒಂದು ವಾರ ಕಳೆದ ಮೇಲೆ ಫೋನು. ಎಲ್ಲರ ಮನಸ್ಸಿಗೂ ನೋವಾಗದ ಹಾಗೆ ಪುಟವನ್ನೇ ಬಿಡೋಣ ಎಂದು ಮೇಲಿನವರು ತೀರ್ಮಾನಿಸಿದರಂತೆ. ಕಲ್ಲೂ ಇಲ್ಲ, ಅಪ್ಪನೂ ಇಲ್ಲ. ನಾನು ಕಿರುಚಿದೆ, ಅಮ್ಮ. ಕಚೇರಿಯಲ್ಲಿ, ಎಲ್ಲರ ಮುಂದೆ, ಫೋನಿನಲ್ಲಿ, ನಿನ್ನ ಬಾಯಲ್ಲಿ. "ಯಾರ ಮನಸ್ಸಿಗೆ? ಹೆಸರು ಹೇಳಿ!" ಎಂದು. ಅವರು ಕ್ಷಮಿಸಿ, ಕ್ಷಮಿಸಿ ಎನ್ನುತ್ತಲೇ ಇದ್ದರು. ಈ ದೇಶದಲ್ಲಿ ಕ್ಷಮೆ ಕೇಳುವವರ ಬಾಯಿ ಮುಚ್ಚಿಸುವುದು ಯಾರಿಂದಲೂ ಆಗುವುದಿಲ್ಲ. ಪುಸ್ತಕದಿಂದ ನನ್ನ ಹೆಸರು ತೆಗೆಸಿದೆ. ನನ್ನಿಂದಾದದ್ದು ಅಷ್ಟೇ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೆಯೋ ಗೊತ್ತಿಲ್ಲ.

ಭಾನುವಾರ ಒಂದು ಕೆಲಸ ಮಾಡಿದೆ. ಅನ್ನ ಮಾಡಿ, ಬಲಗೈಯ ಮೂರು ಬೆರಳನ್ನು ಮಡಚಿ ಅಂಟುಪಟ್ಟಿ ಸುತ್ತಿಕೊಂಡು, ಉಂಡೆ ಕಟ್ಟಲು ಕೂತೆ. ಎಡಗೈ ಕೆಳಗೆ, ಹೆಬ್ಬೆರಳು, ಕಿರುಬೆರಳು ಮೇಲೆ, ನೀನು ಬರೆದ ಹಾಗೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೂ ನಿಲ್ಲಲಿಲ್ಲ. ಅಂಗೈ ಸುಟ್ಟಿತು. ಬೆಂಚಿನ ಮೇಲೆ ನಾನು ಬಿಟ್ಟುಬಂದದ್ದು ಎರಡು ಉಂಡೆ, ಅಮ್ಮ. ಎರಡು.

ಹದಿನೈದಕ್ಕೆ ರಜೆ ಸಿಕ್ಕಿದೆ. ಅಪ್ಪನಿಗೆ ಒಂದು ಮಾತು ಹೇಳಬೇಕು. ನಿನ್ನನ್ನು ನೋಡಲು ಬರುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದೂ ಸುಳ್ಳಾಗುತ್ತದೆ.

ಚಿಗುಸಾ

*

ತೊಕಿಹಾಮಾ
ನವೆಂಬರ್ 14

ಚಿಗುಸಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನೀನು ನಾಳೆ ಬಂದಾಗ ಅಂಗಡಿಗೆ ಬೀಗ ಹಾಕಿದ್ದರೆ ಗಾಬರಿಯಾಗಬೇಡ ಎಂದು ಬರೆದು ವಕುಯಾಮಾನ ಕೈಲಿ ಕೊಡುತ್ತಿದ್ದೇನೆ. ಸ್ಟೇಷನ್ನಿನಲ್ಲಿ ಅವನಿರುತ್ತಾನೆ, ಮಡಚದ ಮೊಣಕಾಲಿನವನು.

ಇಪ್ಪತ್ತೆರಡನೆಯ ಪುಟ ನೋಡಿದೆ. ಚೆನ್ನಾದ ಸಮುದ್ರ. ಒಂದು ವಾರ ಅದನ್ನು ನೋಡಿ ನೋಡಿ ನನ್ನ ಹೊಟ್ಟೆಯೊಳಗೆ ಕುಲುಮೆ ಹತ್ತಿಕೊಂಡಿತು.

ಇವತ್ತು ಬೆಳಿಗ್ಗೆ ಏಳಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಕಪಾಟಿನಿಂದ ಗೆಣಸಿನ ಸಾರಾಯಿಯ ದೊಡ್ಡ ಬಾಟಲಿ ತೆಗೆದೆ. ಅದೇ ಹೆಸರಿನದು, ಅದೇ ಕಂದು ಬಾಟಲಿ, ಈಗಲೂ ಬರುತ್ತದೆ. ರಸ್ತೆ ದಾಟಿದೆ. ಕಲ್ಲಿನ ಮುಂದೆ ಕಾಲು ಜೋಡಿಸಿ ನಿಂತು, ನಿಮ್ಮಪ್ಪ ಇಲ್ಲದ ಬೆರಳಲ್ಲಿ ಗ್ಯಾಸಿಗೆ ತೋರಿಸುತ್ತಿದ್ದನಲ್ಲ, ಹಾಗೆ ತೋರಿಸಿ ಗಟ್ಟಿಯಾಗಿ ಕೂಗಿದೆ: "ಕಲ್ಲು ಸರಿ! ಬಾಟಲಿ ಸರಿ! ದಿನ, ಸಾವಿರದ ಒಂಬೈನೂರ ತೊಂಬತ್ತೇಳು, ಸರಿ!" ಗೇಟಿನಿಂದ ಬರುತ್ತಿದ್ದ ಗಂಡಸರೆಲ್ಲ ನಿಂತುಬಿಟ್ಟರು. ಆಮೇಲೆ ಒಡೆದೆ. ಎಪ್ಪತ್ತೇಳಕ್ಕೂ ನನ್ನ ತೋಳಲ್ಲಿ ಶಕ್ತಿಯಿದೆ, ಒಂದೇ ಏಟಿಗೆ ಒಡೆಯಿತು. ಕಲ್ಲಲ್ಲಿ ಕೆತ್ತಿದ ಐದು ಸಾವಿರದ ಮೇಲಿಂದ ಕೆಳಗಿನವರೆಗೆ ಸಾರಾಯಿ ಹರಿಯಿತು.

ಕಾವಲುಗಾರ ಓಡಿಬಂದ. ನಿನ್ನೆ ಮೊನ್ನೆ ಸೇರಿದವನು.

"ಅಜ್ಜೀ, ಏನಿದು? ಕುಡಿದಿದ್ದೀರಾ?"

"ನಾನಲ್ಲಪ್ಪ. ಈ ಕಲ್ಲು ಕುಡಿದಿದೆ. ನೋಡು, ಹೆಂಗೆ ನಾರ್ತಿದೆ. ಮನೇಲಿ ಬಿದ್ದಿರ್ಬೇಕು."

ಹಿಂದೆ ಯಾರೋ ನಕ್ಕರು. ಈ ಸಲ ನನಗೆ ಉರಿಯಲಿಲ್ಲ. ಹುಡುಗ ನೀರು ಹಾಕಿ ತೊಳೆಯಲು ಹೊರಟ, ಮುದುಕರು ಬಿಡಲಿಲ್ಲ, ಕಲ್ಲಿನ ಸುತ್ತ ನಿಂತುಕೊಂಡಿದ್ದಾರೆ. ಕುಗಿಮಿಯಾನೂ ಇದ್ದಾನೆ, ಕೋಲೂರಿಕೊಂಡು. ಪೊಲೀಸರು ನಾಳೆ ಹತ್ತು ಗಂಟೆಗೆ ಠಾಣೆಗೆ ಬರಲು ಹೇಳಿದ್ದಾರೆ. ಎಷ್ಟು ಹೊತ್ತು ಕೂರಿಸುತ್ತಾರೋ ಗೊತ್ತಿಲ್ಲ. ಯಾಕೆ ಒಡೆದೆ ಎಂದು ಕೇಳಿದರೆ ಮೊದಲಿಂದ ಹೇಳುತ್ತೇನೆ, ಬರೆದುಕೊಳ್ಳಲಿ. ಪುಸ್ತಕದಲ್ಲಿ ಜಾಗವಿಲ್ಲದಿದ್ದರೆ ಪೊಲೀಸರ ಕಡತದಲ್ಲಾದರೂ ಅವನ ಹೆಸರು ಇರಲಿ.

ಕುಕ್ಕರಿನಲ್ಲಿ ಅನ್ನ ಇಟ್ಟಿರುತ್ತೇನೆ. ಅಪ್ಪನಿಗೆ ಉಂಡೆ ನೀನು ಕಟ್ಟು, ಹತ್ತೂ ಬೆರಳಲ್ಲಿ ಕಟ್ಟು.

ಸ್ಟೇಷನ್ನಿನಿಂದ ಬರುವಾಗ ಗೇಟಿನ ಮುಂದೆಯೇ ಬಾ. ವಾಸನೆ ನಾಳೆಯೂ ಇರುತ್ತದೆ. ಮೂಗು ಮುಚ್ಚಿಕೊಳ್ಳಬೇಡ.

ಅಮ್ಮ